ಬರಿ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್: ನಿಧಾನಕ್ಕೆ ಕೆಲಸ ಮಾಡುವವರಿಗೊಂದು ವಿಮರ್ಶೆ

ಬಣ್ಣಕ್ಕೂ ಮೊದಲು ಬರಿ ತಗಡಿಗೆ ಹೊಡೆಯುವ, ಎರಡು ಡಬ್ಬಿಯಲ್ಲಿ ಬರುವ ಎಪಾಕ್ಸಿ ಪ್ರೈಮರ್‌ಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ತುಕ್ಕು ತಡೆಯುವ ಕೆಲಸ ಒಂದನ್ನೇ ನೋಡುವುದಾದರೆ ಐದಕ್ಕೆ ಐದು. ಒಂದು ಅಂಕ ಹೋಗಿದ್ದು ಅದರ ನಖರಾಗಳಿಗೆ.

ಇದನ್ನು ಯಾರಿಗಾಗಿ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಬಣ್ಣ ಕೆರೆದು ಸಂಜೆಯೊಳಗೆ ಪ್ರೈಮರ್ ಹೊಡೆದು ಮುಗಿಸುವ ಗ್ಯಾರೇಜಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹಳೆ ಕಾರೊಂದನ್ನು ಶೆಡ್ಡಿನಲ್ಲಿ ಇಟ್ಟುಕೊಂಡು, ಬಿಡುವು ಸಿಕ್ಕಾಗ ಒಂದು ಬಾಗಿಲು, ಮತ್ತೆ ಯಾವಾಗಲೋ ಒಂದು ಮಡ್‌ಗಾರ್ಡ್ ಅಂತ ಕೈ ಹಾಕುವವರು ಇರುತ್ತಾರಲ್ಲ, ಅವರಿಗೆ ಇದು. ನಾನೂ ಅದೇ ಜಾತಿ. ನಮ್ಮಂಥವರ ಕಾರಿನ ತಗಡು ಹಳೆ ಬಣ್ಣ ಕಳೆದುಕೊಂಡ ದಿನದಿಂದ ಹೊಸ ಬಣ್ಣ ಕಾಣುವ ದಿನದವರೆಗೆ ತಿಂಗಳುಗಟ್ಟಲೆ ಕಾಯುತ್ತದೆ. ಕಾರು ಹಾಳಾಗುವುದು ರಸ್ತೆಯಲ್ಲಿ ಅಲ್ಲ, ಹಾಗೆ ಕಾಯುತ್ತಾ ನಿಂತಾಗ.

ತುಕ್ಕು ಹಿಡಿಯಲು ಮಳೆ ಬೀಳಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಬೇಕಿಲ್ಲ. ಕಬ್ಬಿಣ, ಆಮ್ಲಜನಕ, ಒಂದಿಷ್ಟು ತೇವ, ಇಷ್ಟಿದ್ದರೆ ಆಯಿತು. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದ ಮೇಲೆ ತುಕ್ಕಿನ ವೇಗ ಜೋರಾಗಿ ಏರುತ್ತದೆ. ರಾತ್ರಿ ತಣ್ಣಗಾದ ತಗಡಿನ ಮೇಲೆ ಬೆಳಗಿನ ಜಾವ ಕಣ್ಣಿಗೂ ಕಾಣದಷ್ಟು ತೆಳುವಾಗಿ ಇಬ್ಬನಿ ಕೂರುತ್ತದೆ. ಬೆವರಿದ ಕೈ ಇಟ್ಟರಂತೂ ಕೇಳುವುದೇ ಬೇಡ. ಬೆವರಿನ ಉಪ್ಪು ಅಲ್ಲೇ ಉಳಿದು, ಸ್ವಲ್ಪ ದಿನದಲ್ಲೇ ಐದೂ ಬೆರಳಿನ ಗುರುತು ಕಂದು ಬಣ್ಣದಲ್ಲಿ ಮೂಡುತ್ತದೆ. ಬಾಗಿಲಿನ ಹೊರತಗಡು ಬಹಳಷ್ಟು ಕಾರುಗಳಲ್ಲಿ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದರಲ್ಲಿ ತುಕ್ಕಿಗೆ ಪಾಲು ಕೊಡುವಷ್ಟು ಜಾಸ್ತಿ ಏನೂ ಇಲ್ಲ.

ಟಿಂಕರಿಂಗ್ ಮಾಡುವ ಗೆಳೆಯನೊಬ್ಬ ಇದ್ದಾನೆ. ಸುತ್ತಿಗೆ ಹಿಡಿದರೆ ಅವನ ಕೈಯಲ್ಲಿ ತಗಡು ಹೇಳಿದ ಹಾಗೆ ಕೇಳುತ್ತದೆ. ಪ್ರೈಮರ್ ವಿಷಯಕ್ಕೆ ಬಂದರೆ ಮಾತ್ರ ನಮ್ಮಿಬ್ಬರಿಗೂ ಆಗಿಬರುವುದಿಲ್ಲ. "ಎಪಾಕ್ಸಿಗೆ ಯಾಕೋ ಸುಮ್ನೆ ದುಡ್ಡು ಸುರೀತೀಯ? ರೆಡ್ ಆಕ್ಸೈಡ್ ಬಳಿ, ಸಾಕು" ಅನ್ನುತ್ತಾನೆ. ಈ ಜಗಳ ಮುಗಿಸಲಿಕ್ಕೆಂದೇ ಒಂದು ಪರೀಕ್ಷೆ ಮಾಡಿದೆ.

ಗುಜರಿಗೆ ಹೋಗಬೇಕಿದ್ದ ಮಡ್‌ಗಾರ್ಡ್ ಒಂದನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿದೆ. ಎಲ್ಲವನ್ನೂ 80 ನಂಬರಿನ ಎಮರಿ ಪೇಪರಿನಿಂದ ಬಿಳಿ ತಗಡು ಕಾಣುವವರೆಗೆ ಉಜ್ಜಿದೆ. ಒಂದನ್ನು ಬರಿ ಮೈಯಲ್ಲೇ ಬಿಟ್ಟೆ. ಮಿಕ್ಕವುಗಳಲ್ಲಿ ಒಂದಕ್ಕೆ ತೆಳು ಎಣ್ಣೆ, ಒಂದಕ್ಕೆ ಫಾಸ್ಫಾರಿಕ್ ಆಮ್ಲದ ಮೆಟಲ್ ವಾಶ್, ಒಂದಕ್ಕೆ ಡಬ್ಬಿ ಅಲ್ಲಾಡಿಸಿ ಹೊಡೆಯುವ ಬೂದು ಪ್ರೈಮರ್, ಗೆಳೆಯನ ಮಾತಿಗೆ ಒಂದಕ್ಕೆ ರೆಡ್ ಆಕ್ಸೈಡ್, ಒಂದಕ್ಕೆ ಎಚ್ಚಿಂಗ್ ಪ್ರೈಮರ್, ಕೊನೆಯದಕ್ಕೆ ಎಪಾಕ್ಸಿ. ಪ್ರೈಮರ್ ಹೊಡೆದವುಗಳ ಮೇಲೆ ಮೊಳೆಯಿಂದ ತಗಡು ತಾಗುವ ಹಾಗೆ ಅಡ್ಡ-ಉದ್ದ ಗೀರಿ, ಮಳೆಗಾಲ ಪೂರ್ತಿ ಶೆಡ್ಡಿನ ಸೂರಿನ ಅಂಚಿಗೆ ತೂಗುಹಾಕಿದೆ. ಎರಚಲೂ ಬೀಳುತ್ತಿತ್ತು, ನಡುನಡುವೆ ಬಿಸಿಲೂ ಬೀಳುತ್ತಿತ್ತು. ಇದೇನು ಲ್ಯಾಬಿನ ಪರೀಕ್ಷೆ ಅಲ್ಲ, ನಿಜ. ನನ್ನ ಕಾರು ನಿಂತಿರುವುದೂ ಲ್ಯಾಬಿನಲ್ಲಿ ಅಲ್ಲವಲ್ಲ.

ಬರಿ ತುಂಡಿನ ಕಥೆ ನಿಮಗೇ ಗೊತ್ತು. ಎಣ್ಣೆ ಹಚ್ಚಿದ್ದು ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಎರಚಲು ಎಣ್ಣೆಯನ್ನು ತೊಳೆದ ಕಡೆಯಿಂದ ಕೆಂಪಾಗುತ್ತಾ ಬಂತು. ಒಣಗಿದ ಕೋಣೆಯೊಳಗಾದರೆ ಎಣ್ಣೆ ಒಂದಷ್ಟು ಕಾಲ ಕಾಯುತ್ತದೆ, ಸುಳ್ಳಲ್ಲ. ನನ್ನ ತಕರಾರು ಬೇರೆ. ತಗಡಿನ ಮಡಿಕೆಗಳ ಒಳಗೆ, ಸ್ಪಾಟ್ ವೆಲ್ಡ್ ಮಾಡಿದ ಜೋಡಣೆಗಳ ನಡುವೆ ನುಗ್ಗಿದ ಎಣ್ಣೆ ಎಷ್ಟು ಒರೆಸಿದರೂ ಪೂರ್ತಿ ಆಚೆ ಬರುವುದಿಲ್ಲ. ಬಣ್ಣ ಹೊಡೆಯುವ ದಿನ ಸರಿಯಾಗಿ ಅಲ್ಲಿಂದ ಜಿನುಗುತ್ತದೆ. ಬಣ್ಣ ಅಂಟದೆ ದುಂಡು ದುಂಡಾಗಿ ಗುಳಿ ಬೀಳುತ್ತವೆ, ಪೇಂಟರುಗಳು ಫಿಶ್ ಐ ಅನ್ನುತ್ತಾರಲ್ಲ, ಅದು. ಸಿಲಿಕೋನ್ ಇರುವ ಸ್ಪ್ರೇ ಆಗಿದ್ದರೆ ಇನ್ನೂ ಪಜೀತಿ. ಬಣ್ಣ ಕಾಣಬೇಕಾದ ತಗಡಿನ ಹತ್ತಿರ ಅಂಥದ್ದನ್ನು ತರಲೇಬಾರದು.

ಆಮ್ಲದ ಮೆಟಲ್ ವಾಶ್ ಬಗ್ಗೆ ನನಗೆ ಗೌರವ ಇದೆ. ಹಳೆ ತುಕ್ಕು ಕೊರೆದ ಸಣ್ಣ ಗುಳಿಗಳಿಗೆ ಎಮರಿ ಪೇಪರ್ ಇಳಿಯುವುದಿಲ್ಲ, ಆಮ್ಲ ಇಳಿಯುತ್ತದೆ. ಇಳಿದು ತುಕ್ಕನ್ನು ಕರಗಿಸಿ, ತಗಡಿನ ಮೇಲೆ ಬೂದು ಛಾಯೆಯ ತೆಳು ಫಾಸ್ಫೇಟ್ ಪದರ ಬಿಡುತ್ತದೆ. ಶೆಡ್ಡಿನೊಳಗೆ ಆ ಪದರ ಸ್ವಲ್ಪ ಕಾಲ ತುಕ್ಕನ್ನು ದೂರ ಇಡುತ್ತದೆ. ಸೂರಿನ ಅಂಚಿನಲ್ಲಿ ಮಾತ್ರ ಅದರ ಆಟ ನಡೆಯಲಿಲ್ಲ. ಇನ್ನೊಂದು ವಿಷಯ, ಇದನ್ನು ಹಚ್ಚಿ ಹಾಗೇ ಒಣಗಲು ಬಿಟ್ಟು ಮೇಲೆ ಎಪಾಕ್ಸಿ ಹೊಡೆಯಬಾರದು. ಎಪಾಕ್ಸಿಯನ್ನು ಗಟ್ಟಿ ಮಾಡಲು ಎರಡನೇ ಡಬ್ಬಿಯಲ್ಲಿ ಬರುವ ಹಾರ್ಡನರ್ ಅಮೈನ್ ಅನ್ನುವ ರಾಸಾಯನಿಕದ ಜಾತಿಯದು, ಉಳಿದ ಆಮ್ಲಕ್ಕೂ ಅದಕ್ಕೂ ಆಗುವುದಿಲ್ಲ. ಕೆಳಗಿನ ಪದರ ಸರಿಯಾಗಿ ಗಟ್ಟಿಯಾಗದೆ ಹೋಗುತ್ತದೆ. ಆಮ್ಲ ಬಳಸಿದರೆ ಡಬ್ಬಿಯವರು ಹೇಳಿದ ಹಾಗೆ ಚೆನ್ನಾಗಿ ತೊಳೆದು, ತಕ್ಷಣ ಒಣಗಿಸಿ, ಮತ್ತೊಮ್ಮೆ ಉಜ್ಜಿ ಮುಂದೆ ಹೋಗಬೇಕು.

ಈಗ ಬೂದು ಪ್ರೈಮರ್. ನೋಡಲು ಎಲ್ಲಕ್ಕಿಂತ ಚೆನ್ನಾಗಿ ಉಳಿದಿದ್ದು ಇದೇ ತುಂಡು! ಗೀರಿನ ಸುತ್ತ ಒಂದಿಷ್ಟು ಕಂದು ಬಿಟ್ಟರೆ ಮಿಕ್ಕ ಮೈಯೆಲ್ಲ ನುಣ್ಣಗೆ, ಒಂದೇ ಸಮ. ಗೆಳೆಯ ನೋಡಿ ನಕ್ಕ. ಬ್ಲೇಡು ತೆಗೆದುಕೊಂಡು ಗೀರಿನಿಂದ ದೂರ, ಚೆನ್ನಾಗಿ ಕಾಣುವ ಜಾಗದಲ್ಲೇ ಕೆರೆದೆ. ಪ್ರೈಮರ್ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅಡಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕಿತ್ತಳೆ ಬಣ್ಣದ ಚುಕ್ಕೆಗಳು, ಎಮರಿ ಪೇಪರಿನ ಗೆರೆಗಳ ಗುಂಟ ಸಾಲಾಗಿ ಕೂತಿದ್ದವು. ಬೂದಿ ಮುಚ್ಚಿದ ಕೆಂಡ ಅಂದರೆ ಇದೇ. ಇದರ ಮೇಲೆ ಬಣ್ಣ ಹೊಡೆದು, ಪಾಲಿಶ್ ಮಾಡಿ, ಊರಿಗೆಲ್ಲ ತೋರಿಸಿ ಬಂದ ಮೇಲೆ ಒಂದು ದಿನ ಬಾನೆಟ್ಟಿನ ಮೇಲೆ ಗುಳ್ಳೆ ಏಳುತ್ತದೆ. ಆಗ ಬೈಸಿಕೊಳ್ಳುವವನು ಮೇಲಿನ ಬಣ್ಣ ಹೊಡೆದ ಪೇಂಟರ್.

ಇದು ಕಳಪೆ ಮಾಲು ಅಂತ ಅಲ್ಲ. ಒಂದೇ ಡಬ್ಬಿಯ ಪ್ರೈಮರ್ ಥಿನ್ನರ್ ಹಾರಿಹೋಗಿ ಒಣಗುತ್ತದೆ ಅಷ್ಟೇ, ಒಳಗೆ ಕಣಕಣ ಬೆಸೆದುಕೊಳ್ಳುವುದಿಲ್ಲ. ಒಣಗಿ ಎಷ್ಟೋ ಕಾಲವಾದ ಮೇಲೂ ಥಿನ್ನರ್ ಬಟ್ಟೆಯಿಂದ ಒರೆಸಿದರೆ ಬಹಳಷ್ಟು ಸಲ ಬಟ್ಟೆಗೇ ಅಂಟಿಕೊಂಡು ಬರುತ್ತದೆ. ಸುಲಭವಾಗಿ ಉಜ್ಜಲು ಬರಲಿ ಅಂತ ಪುಡಿ ಜಾಸ್ತಿ ಹಾಕಿರುತ್ತಾರೆ. ಹಾಗಾಗಿ ಪದರದಲ್ಲಿ ಸಂದುಗಳು ಉಳಿಯುತ್ತವೆ, ನೀರಿನ ಆವಿ ಅದರೊಳಗೆ ನುಸುಳುತ್ತದೆ. ತಗಡಿನ ತಗ್ಗು ತುಂಬಲು ಹಚ್ಚುವ ಪಾಲಿಯೆಸ್ಟರ್ ಪುಟ್ಟಿಯದೂ ಇದೇ ಹಣೆಬರಹ. ಬರಿ ಪುಟ್ಟಿ ಹಚ್ಚಿ ಮಳೆಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ನನಗೆ ನಂಬಿಕೆ ಇಲ್ಲ.

ರೆಡ್ ಆಕ್ಸೈಡ್ ಇದಕ್ಕಿಂತ ಸ್ವಲ್ಪ ವಾಸಿ ಇತ್ತು, ಒಪ್ಪುತ್ತೇನೆ. ಆದರೆ ಆ ಕೆಂಪನ್ನು ನೋಡಿ ಮೋಸ ಹೋಗಬೇಡಿ. ಹಿಂದಿನ ಕಾಲದಲ್ಲಿ ಸೇತುವೆಗಳಿಗೆ, ಹಡಗುಗಳಿಗೆ ಬಳಿಯುತ್ತಿದ್ದ ಕೆಂಪು ಸೀಸದ್ದು. ತುಕ್ಕಿನ ಕೆಲಸವನ್ನೇ ತಡೆಯುವ ಗುಣ ಅದಕ್ಕಿತ್ತು, ಜೊತೆಗೆ ವಿಷವೂ ಇತ್ತು. ಈಗಿನ ರೆಡ್ ಆಕ್ಸೈಡಿನ ಕೆಂಪು ಕಬ್ಬಿಣದ ಆಕ್ಸೈಡ್. ಅದು ಬಣ್ಣ ಕೊಡುತ್ತದೆ, ಅಷ್ಟೇ. ತುಕ್ಕು ತಡೆಯಲು ಬೇರೆ ಏನಾದರೂ ಬೆರೆಸಿದ್ದಾರೋ ಇಲ್ಲವೋ ಅಂತ ಡಬ್ಬಿ ನೋಡಿಯೇ ತಿಳಿಯಬೇಕು.

ಎಚ್ಚಿಂಗ್ ಪ್ರೈಮರ್ ತಗಡನ್ನು ಕಚ್ಚಿ ಹಿಡಿಯುವುದರಲ್ಲಿ ಎತ್ತಿದ ಕೈ. ಅದರೊಳಗಿನ ಆಮ್ಲ ತಗಡಿನ ಮೇಲ್ಮೈಯನ್ನು ಕೊರೆದು ಬೇರು ಬಿಡುತ್ತದೆ. ಆದರೆ ಹೊಡೆಯುವುದೇ ಹತ್ತು ಮೈಕ್ರಾನ್ ಆಸುಪಾಸಿನ ತೆಳು ಪದರ. ಮಿಲಿಮೀಟರಿನ ನೂರನೇ ಒಂದು ಭಾಗ! ಬೇಗನೆ ಮೇಲೊಂದು ಗಟ್ಟಿ ಪ್ರೈಮರ್ ಬರುತ್ತದೆ ಅನ್ನುವ ಭರವಸೆಯ ಮೇಲೆ ಮಾಡಿದ ಮಾಲು ಅದು. ಹಾಗೇ ತೂಗುಹಾಕಿದ್ದಕ್ಕೆ ನನ್ನ ತುಂಡು ಪೂರ್ತಿ ತೆಳು ಕಂದಾಗಿತ್ತು. ಇದರ ಮೇಲೆ ನೇರವಾಗಿ ಪುಟ್ಟಿ ಹಚ್ಚುವ ಹಾಗಿಲ್ಲ, ಬಹಳಷ್ಟು ಎಪಾಕ್ಸಿಗಳನ್ನೂ ಹೊಡೆಯುವ ಹಾಗಿಲ್ಲ. ನಿಧಾನಕ್ಕೆ ಕೆಲಸ ಮಾಡುವವರಿಗೆ ಇದು ತಕ್ಕ ಸಂಗಾತಿ ಅಲ್ಲ.

ಎಪಾಕ್ಸಿ ಹೊಡೆದ ತುಂಡಿನಲ್ಲಿ ಮೊಳೆಯ ಗೀರು ಮಾತ್ರ ಕಂದಾಗಿತ್ತು. ಗೀರಿನ ಅಂಚಿಗೆ ಬ್ಲೇಡಿನ ಮೂಲೆ ಸಿಕ್ಕಿಸಿ ಎಬ್ಬಿಸಲು ನೋಡಿದೆ. ಚಕ್ಕೆ ಏಳಲಿಲ್ಲ. ಕೂದಲೆಳೆಯಷ್ಟು ಪುಡಿ ಬಂತು, ಬ್ಲೇಡು ಜಾರಿತು. ಬೇರೆ ಕಡೆ ತಗಡಿನವರೆಗೆ ಕೆರೆಯಲು ಹೋಗಿ ಕೈ ನೋವಾಯಿತು. ಅಡಿಯಲ್ಲಿ ಉಜ್ಜಿದ ದಿನದ ಹೊಳಪೇ ಇತ್ತು. ಗೆಳೆಯ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಗೀರದೆ ಇದ್ದಿದ್ರೆ ಇದೂ ಬರ್ತಿರಲಿಲ್ಲ ಬಿಡು" ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಬಿಸಿಲು ಬಿದ್ದ ಮಗ್ಗುಲು ಮಾತ್ರ ಮಂಕಾಗಿತ್ತು, ಬೆರಳಾಡಿಸಿದರೆ ಸುಣ್ಣದ ಹುಡಿಯಂಥದ್ದು ಅಂಟುತ್ತಿತ್ತು. ಎಪಾಕ್ಸಿಗೆ ನೇರಳಾತೀತ ಕಿರಣ ಆಗಿಬರುವುದಿಲ್ಲ. ಶೆಡ್ಡಿನೊಳಗೆ ಎಷ್ಟು ಕಾಲ ಬೇಕಾದರೂ ಇಡಿ, ಬಯಲಲ್ಲಿ ಇಡುವುದಾದರೆ ಬಿಸಿಲಿಗೆ ಏನಾದರೂ ಮುಚ್ಚಿ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಗಾಳಿಯಾಡುವ ಬಟ್ಟೆ ಒಳ್ಳೆಯದು.

ಅಂದ ಹಾಗೆ, ಇದು ನಾವೇನೋ ಹೊಸದಾಗಿ ಕಂಡುಹಿಡಿದ ಉಪಾಯ ಅಲ್ಲ. ಕಾರ್ಖಾನೆಯಲ್ಲಿ ಹೊಸ ಬಾಡಿಯನ್ನು ಮೊದಲು ಫಾಸ್ಫೇಟ್ ತೊಟ್ಟಿಯಲ್ಲಿ, ಆಮೇಲೆ ವಿದ್ಯುತ್ ಹರಿಸಿದ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಬೇಯಿಸುತ್ತಾರೆ. 1970ರ ದಶಕದ ಕೊನೆಯಿಂದ ಹರಡಿದ ಪದ್ಧತಿ ಇದು. ಆ ಪ್ರೈಮರ್ ಕೂಡ ಹೆಚ್ಚಾಗಿ ಎಪಾಕ್ಸಿ ಮೂಲದ್ದೇ. ಹಾಗಾಗಿ ಹಳೆ ಕಾರಿನಲ್ಲಿ ಕಾರ್ಖಾನೆಯ ಆ ಪದರ ಗಟ್ಟಿಯಾಗಿ ಉಳಿದಿರುವ ಕಡೆ ಅದನ್ನು ಕಿತ್ತು ತಗಡು ಬಯಲು ಮಾಡುವುದು ನನ್ನ ಪ್ರಕಾರ ದಡ್ಡತನ. ಅದಕ್ಕಿಂತ ಒಳ್ಳೆಯದನ್ನು ಶೆಡ್ಡಿನಲ್ಲಿ ನಾವು ಮಾಡಲಾರೆವು. ಮೇಲೆ ಹಗುರವಾಗಿ ಉಜ್ಜಿ ಬಿಡಿ.

ಇನ್ನು ನಖರಾಗಳ ಲೆಕ್ಕ.

ಮೊದಲನೆಯದು ಬೆರೆಸುವುದು. ಒಂದೊಂದು ತಯಾರಕರದು ಒಂದೊಂದು ಅಳತೆ. ಕೆಲವದರಲ್ಲಿ ಪ್ರೈಮರ್ ಒಂದು ಪಾಲಿಗೆ ಹಾರ್ಡನರ್ ಒಂದು ಪಾಲು, ಕೆಲವದರಲ್ಲಿ ಎರಡಕ್ಕೆ ಒಂದು, ಕೆಲವದರಲ್ಲಿ ನಾಲ್ಕಕ್ಕೆ ಒಂದು. ಕಣ್ಣಳತೆ ನಡೆಯುವುದಿಲ್ಲ, ಬೇಗ ಒಣಗಲಿ ಅಂತ ಹಾರ್ಡನರ್ ಒಂದು ಗುಟುಕು ಜಾಸ್ತಿ ಹಾಕುವುದಂತೂ ಕೂಡದು. ಗೆರೆ ಇರುವ ಲೋಟ ಇಟ್ಟುಕೊಳ್ಳಿ. ನಾನು ತಂದ ಡಬ್ಬಿಯ ಮೇಲೆ ಅಳತೆ ಇತ್ತು, ಬೆರೆಸಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಇರಲಿಲ್ಲ. ಕೆಲವು ಎಪಾಕ್ಸಿಗಳನ್ನು ಬೆರೆಸಿ 15ರಿಂದ 30 ನಿಮಿಷ ಸುಮ್ನೆ ಇಟ್ಟು ಆಮೇಲೆ ಹೊಡೆಯಬೇಕು. ಅದು ಬರೆದಿದ್ದು ಬೇರೆ ಹಾಳೆಯಲ್ಲಿ, ಆ ಹಾಳೆ ಕೇಳಿ ತರಿಸಿಕೊಳ್ಳಬೇಕಾಯಿತು. ಇಷ್ಟು ಮುಖ್ಯವಾದ ಒಂದು ಸಾಲಿಗೆ ಡಬ್ಬಿಯ ಮೇಲೆ ಜಾಗ ಸಿಗಲಿಲ್ಲ, ಹೊಳೆಯುವ ಕಾರಿನ ಚಿತ್ರಕ್ಕೆ ಸಿಕ್ಕಿತ್ತು!

ಡಬ್ಬಿ ತೆರೆದಾಗ ಮೇಲೆ ಕಾಣುವುದು ತೆಳ್ಳಗಿನ ರಾಳ. ತುಕ್ಕು ತಡೆಯುವ ಪುಡಿ, ಬಹಳಷ್ಟರಲ್ಲಿ ಜಿಂಕ್ ಫಾಸ್ಫೇಟ್, ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಡಬ್ಬಿ ಅಲ್ಲಾಡಿಸಿದರೆ ಏಳುವುದಿಲ್ಲ. ಚಪ್ಪಟೆ ಪಟ್ಟಿಯಿಂದ ತಳ ಕೆರೆದು, ಪಟ್ಟಿಯ ತುದಿಗೆ ಮುದ್ದೆ ಅಂಟುವುದು ನಿಲ್ಲುವವರೆಗೆ ತಿರುವಬೇಕು. ಇಲ್ಲವಾದರೆ ಅಸಲಿ ಮಾಲು ತಳದಲ್ಲೇ ಉಳಿದು, ಬರಿ ರಾಳ ಸ್ಪ್ರೇ ಗನ್ನಿಗೆ ಹೋಗುತ್ತದೆ.

ಎರಡನೆಯದು ಚಳಿ. ಸುಮಾರು 15 ಡಿಗ್ರಿಗಿಂತ ಕೆಳಗೆ ಹೋದರೆ ಸಾಮಾನ್ಯ ಎಪಾಕ್ಸಿ ಗಟ್ಟಿಯಾಗುವುದು ಬಹಳ ನಿಧಾನವಾಗುತ್ತದೆ, ಇನ್ನೂ ಕೆಳಗೆ ಹೋದರೆ ನಿಂತೇ ಹೋಗುತ್ತದೆ. ಗಾಳಿ ಬಿಸಿ ಇದ್ದರೆ ಸಾಲದು, ತಗಡೂ ಬಿಸಿ ಇರಬೇಕು. ಇಬ್ಬನಿ ಕೂರುವ ಉಷ್ಣತೆಗಿಂತ ತಗಡು ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನುವುದು ಬಣ್ಣದ ಕೆಲಸದವರ ಹಳೆ ನಿಯಮ. ಶೆಡ್ಡು ಬಿಸಿ ಮಾಡಲು ಸೀಮೆಎಣ್ಣೆ ಹೀಟರ್ ಇಡುವವರನ್ನು ನೋಡಿದ್ದೇನೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಶೆಡ್ಡಿನೊಳಗೇ ಸೇರುತ್ತದೆ. ಅದು ಹೋಗಿ ಕೂರುವುದು ತಣ್ಣಗಿರುವ ತಗಡಿನ ಮೇಲೆ. ಬೆಂಕಿ ಮತ್ತು ಥಿನ್ನರ್ ಆವಿ ಒಂದೇ ಕೋಣೆಯಲ್ಲಿ ಇರುವ ಅಪಾಯ ಬೇರೆ. ಚಳಿ ಮತ್ತು ತೇವ ಎರಡೂ ಸೇರಿದಾಗ ಎಪಾಕ್ಸಿಯ ಮೇಲೆ ಜಿಡ್ಡು ಜಿಡ್ಡಾದ ಪೊರೆ ಬರಬಹುದು. ಅದನ್ನು ಉಜ್ಜಲು ಹೋಗಬೇಡಿ, ಪೇಪರ್ ಕಟ್ಟಿಕೊಳ್ಳುತ್ತದೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಮೂರನೆಯದು ಸಮಯದ ಕಿಟಕಿ. ಎಪಾಕ್ಸಿ ಹೊಡೆದ ಮೇಲೆ ಇಷ್ಟು ದಿನದೊಳಗೆ ಮುಂದಿನ ಪದರ ಬಂದರೆ ಎರಡೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಆ ಗಡುವು ಮಾಲಿನಿಂದ ಮಾಲಿಗೆ ಬೇರೆ, ಒಂದು ದಿನದಿಂದ ವಾರದವರೆಗೆ ಇರುತ್ತದೆ. ಗಡುವು ದಾಟಿದರೆ ಉಜ್ಜಿ ಗೀರು ಮಾಡಿಕೊಂಡೇ ಮುಂದೆ ಹೋಗಬೇಕು. ನಮ್ಮಂಥವರು ಗಡುವು ದಾಟುವುದು ಖಂಡಿತ. ಹಾಗಾಗಿ ಉಜ್ಜುವ ಕೆಲಸ ತಪ್ಪಿದ್ದಲ್ಲ, ಎಪಾಕ್ಸಿಯೋ ಉಜ್ಜಲು ಮಹಾ ಮೊಂಡು.

ಹೊಡೆಯುವ ದಿನ ನಾನು ಮಾಡುವುದು ಹೀಗೆ. ಅಂದು ಎಷ್ಟು ತಗಡಿಗೆ ಪ್ರೈಮರ್ ಹೊಡೆಯಲು ಸಾಧ್ಯವೋ ಅಷ್ಟನ್ನು ಮಾತ್ರ ಬಯಲು ಮಾಡುತ್ತೇನೆ. ಇಡೀ ಕಾರನ್ನು ಒಮ್ಮೆಲೇ ಕೆರೆದು ನಿಲ್ಲಿಸಿ ಫೋಟೋ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಬೇಡ. ಬಯಲು ಮಾಡಿದ ಮೇಲೆ ಕೈಗೆ ನೈಟ್ರೈಲ್ ಗ್ಲೌಸ್. ಜಿಡ್ಡು ತೆಗೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಒಂದು ಕೈಯಲ್ಲಿ, ಒಣ ಬಟ್ಟೆ ಇನ್ನೊಂದು ಕೈಯಲ್ಲಿ. ಒದ್ದೆ ಬಟ್ಟೆ ಜಿಡ್ಡನ್ನು ಎಬ್ಬಿಸುತ್ತದೆ, ಅದು ಆರುವ ಮೊದಲೇ ಒಣ ಬಟ್ಟೆ ಎತ್ತಿಕೊಳ್ಳಬೇಕು. ಆರಲು ಬಿಟ್ಟರೆ ಜಿಡ್ಡು ಹರಡಿ ಅಲ್ಲೇ ಕೂರುತ್ತದೆ. ಬಟ್ಟೆ ಬಿಳಿಯಾಗಿ ಬರುವವರೆಗೆ ಹೊಸ ಹೊಸ ಮಗ್ಗುಲು ತಿರುವುತ್ತಾ ಒರೆಸುತ್ತೇನೆ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ತೊಟ್ಟಿಯಲ್ಲಿ ಕೂತ ನೀರನ್ನು ಹೊರಗೆ ಬಿಟ್ಟು, ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇದೆಯಾ ನೋಡಿ, ಎರಡು ಕೋಟ್ ಹೊಡೆಯುತ್ತೇನೆ. ಗನ್ ಹೋಗದ ಮೂಲೆಗಳಿಗೆ ಬ್ರಷ್ ಸಾಕು. ಎಪಾಕ್ಸಿಗೆ ಅದರಿಂದೇನೂ ಬೇಜಾರಿಲ್ಲ. ಆವಿ ತಡೆಯುವ ಮಾಸ್ಕ್ ಹಾಕಲೇಬೇಕು. ಹಾರ್ಡನರ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಅಂಟಿಕೊಳ್ಳುತ್ತದೆ, ಒಮ್ಮೆ ಬಂದರೆ ಬಿಡುವುದಿಲ್ಲ.

ಆಮೇಲೆ ಮಾತ್ರ ಪುಟ್ಟಿ. ಎಪಾಕ್ಸಿ ಗಟ್ಟಿಯಾದ ಮೇಲೆ ಒರಟಾಗಿ ಉಜ್ಜಿ ಅದರ ಮೇಲೆ ಪುಟ್ಟಿ ಹಚ್ಚಿದರೆ, ಪುಟ್ಟಿ ಕುಡಿದ ತೇವ ತಗಡಿಗೆ ತಲುಪುವುದಿಲ್ಲ. ಗೆಳೆಯ ಇಂದಿಗೂ ಪುಟ್ಟಿಯನ್ನು ಬರಿ ತಗಡಿಗೇ ಹಚ್ಚುತ್ತಾನೆ. ಅಂಟು ಅಲ್ಲೇ ಗಟ್ಟಿ ಅನ್ನುವುದು ಅವನ ವಾದ. ಅಂದೇ ಪ್ರೈಮರ್ ಮುಚ್ಚುವವನಾದ್ದರಿಂದ ಅವನಿಗೆ ನಡೆಯುತ್ತದೆ. ಜೋಡಣೆಗಳಿಗೆ ತುಂಬುವ ಸೀಲರ್ ಕೂಡ ಎಪಾಕ್ಸಿಯ ಮೇಲೆಯೇ ಬರಬೇಕು. ವೆಲ್ಡಿಂಗ್ ಬಾಕಿ ಇರುವ ಅಂಚುಗಳಿಗೆ ಮಾತ್ರ ಎಪಾಕ್ಸಿ ಹೊಡೆಯಬೇಡಿ, ಸುಟ್ಟರೆ ಹೊಗೆ ವಿಷ. ಅಲ್ಲಿಗೆ ವೆಲ್ಡ್ ಮಾಡಲು ಬರುವ ಸತುವಿನ ಪ್ರೈಮರ್ ಬೇರೆ ಸಿಗುತ್ತದೆ. ಗನ್ನೂ ಬ್ರಷ್ಷೂ ಹೋಗದ, ಪೆಟ್ಟಿಗೆಯ ಹಾಗೆ ಮುಚ್ಚಿದ ಬಾಡಿ ಭಾಗಗಳ ಒಳಮೈಗೆ, ಬಾಗಿಲಿನ ತಳಕ್ಕೆ, ಎಲ್ಲ ಬಣ್ಣ ಮುಗಿದ ಮೇಲೆ ಮೇಣದ ಸ್ಪ್ರೇ.

ಬಾನೆಟ್ಟಿನ ಮೇಲೆ ಅಂಗೈ ಅಗಲದ ಜಾಗ ಮಾತ್ರ ರಿಪೇರಿ ಮಾಡಿ, ಅದೇ ವಾರ ಬಣ್ಣ ಹೊಡೆದು ಮುಗಿಸುವವರು ಇದನ್ನು ಕೊಳ್ಳಬೇಕಿಲ್ಲ. ಅದಕ್ಕೆ ಎಚ್ಚಿಂಗ್ ಪ್ರೈಮರ್, ಅದರ ಮೇಲೊಂದು ಒಳ್ಳೆಯ ಸರ್ಫೇಸರ್ (ಉಜ್ಜಿ ನುಣುಪು ಮಾಡಲು ಹೊಡೆಯುವ ದಪ್ಪ ಪ್ರೈಮರ್) ಧಾರಾಳ ಸಾಕು. ಕೊಳ್ಳುವವರು ದೊಡ್ಡ ಡಬ್ಬಿಯ ಆಸೆಗೆ ಬೀಳಬೇಡಿ. ಬೆರೆಸಿದ್ದು ಕೆಲವು ಗಂಟೆಗಳಲ್ಲಿ ಕೆಲಸಕ್ಕೆ ಬಾರದಾಗುತ್ತದೆ, ಬಾಯಿ ತೆರೆದಿಟ್ಟ ಹಾರ್ಡನರ್ ಗಾಳಿಯ ತೇವ ಕುಡಿದು ಕೆಡುತ್ತದೆ. ಒಂದು ಬಾಗಿಲಿಗೆ, ಒಂದು ಮಡ್‌ಗಾರ್ಡಿಗೆ ಆಗುವಷ್ಟು ಸಣ್ಣ ಜೋಡಿ ಡಬ್ಬಿಗಳನ್ನು ತನ್ನಿ. ಎರಡೂ ಒಂದೇ ತಯಾರಕರದ್ದಾಗಿರಲಿ, ತಯಾರಿಕೆಯ ದಿನಾಂಕ ನೋಡಿ ತನ್ನಿ, ಮಾಹಿತಿ ಹಾಳೆಯನ್ನು ಅಂಗಡಿಯಲ್ಲೇ ಕೇಳಿ ಪಡೆಯಿರಿ.